ಬಸುರಿಯರು ಮೀನು ತಿನ್ನಬಹುದಾ? ಯಾವ ಮೀನು, ಎಷ್ಟು, ಹೇಗೆ?

ಆಗಸ್ಟ್ ಬಂತೆಂದರೆ ಬೆಂಗಳೂರಿನ ಮೀನಂಗಡಿಗಳಿಗೆ ಜೀವ ಬರುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ನಿಷೇಧ ಮುಗಿದ ಮೇಲೆ ಮಲ್ಪೆ, ಮಂಗಳೂರು, ಕಾರವಾರದ ಕಡೆಯಿಂದ ಬಂಗುಡೆ, ಬೂತಾಯಿ ತುಂಬಿದ ಲಾರಿಗಳು ರಾತ್ರಿಯೆಲ್ಲಾ ಘಟ್ಟ ಹತ್ತಿ ಬರುತ್ತವೆ. ರೇಟು ಇಳಿಯುತ್ತದೆ. ಮನೆಯಲ್ಲಿ ಮೀನು ಸಾರು ಆಗುತ್ತದೆ.

ಆ ಮನೆಯಲ್ಲಿ ಬಸುರಿ ಇದ್ದರೆ ಅವತ್ತೇ ಚರ್ಚೆಯೂ ಶುರುವಾಗುತ್ತದೆ. "ಮೀನು ಉಷ್ಣ, ಈ ಟೈಮಲ್ಲಿ ಬೇಡಮ್ಮ" ಎಂದು ಒಬ್ಬರು. "ಮೀನು ತಿನ್ನದೆ ಮಗೂಗೆ ಶಕ್ತಿ ಎಲ್ಲಿಂದ ಬರಬೇಕು" ಎಂದು ಊರಿನಿಂದ ಫೋನ್ ಮಾಡಿದ ಅಮ್ಮ. "ಮೀನಲ್ಲಿ ಪಾದರಸ ಇರುತ್ತಂತೆ" ಎಂದು ಮೊಬೈಲ್ ನೋಡುತ್ತಾ ಗಂಡ. ತಟ್ಟೆ ಮುಂದೆ ಕೂತವಳಿಗೆ ಯಾರ ಮಾತು ಕೇಳಬೇಕೋ ಗೊತ್ತಾಗುವುದಿಲ್ಲ. ಎಷ್ಟೋ ಜನ ಸುಮ್ನೆ ಯಾಕೆ ರಿಸ್ಕು ಅಂತ ಒಂಬತ್ತು ತಿಂಗಳೂ ಮೀನೇ ಬಿಟ್ಟುಬಿಡುತ್ತಾರೆ.

ಹಾಗೆ ಪೂರ್ತಿ ಬಿಟ್ಟರೂ ನಷ್ಟ ಇದೆ. ಅಮ್ಮ ಹೇಳಿದ್ದು ನಿಜ, ಪಾದರಸದ ವಿಷಯವೂ ನಿಜ. ತಿನ್ನಬೇಕಾ ಬೇಡವಾ ಎನ್ನುವುದಕ್ಕಿಂತ ಯಾವ ಮೀನು, ಎಷ್ಟು ದೊಡ್ಡದು, ಎಷ್ಟು ತಾಜಾ, ಎಷ್ಟು ಬೆಂದಿದೆ ಎನ್ನುವುದು ಇಲ್ಲಿ ಮುಖ್ಯ. ಒಂದೊಂದಾಗಿ ನೋಡೋಣ.

## ಮೀನಿನಲ್ಲಿ ಅಂಥದ್ದೇನಿದೆ?

ಪ್ರೋಟೀನ್ ಇದೆ, ಅದು ಎಲ್ಲರಿಗೂ ಗೊತ್ತು. ಜೊತೆಗೆ ವಿಟಮಿನ್ ಬಿ12, ವಿಟಮಿನ್ ಡಿ, ಸೆಲೆನಿಯಮ್, ಸ್ವಲ್ಪ ಕಬ್ಬಿಣ ಇವೆ. ಸಮುದ್ರದ ಮೀನಾದರೆ ಅಯೋಡಿನ್ ಕೂಡ ಸಿಗುತ್ತದೆ. ಮಗುವಿನ ಮಿದುಳು ಬೆಳೆಯಲು ತಾಯಿಯ ಥೈರಾಯ್ಡ್ ಸರಿಯಾಗಿ ಕೆಲಸ ಮಾಡಬೇಕು, ಅದಕ್ಕೆ ಅಯೋಡಿನ್ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದೆ. ಇಂಥ ಕಡೆ ಕಬ್ಬಿಣ, ಬಿ12 ಎರಡನ್ನೂ ಒಟ್ಟಿಗೆ ಕೊಡುವ ಆಹಾರವನ್ನು ಸುಲಭಕ್ಕೆ ಕೈಬಿಡುವ ಹಾಗಿಲ್ಲ.

ಆದರೆ ಡಾಕ್ಟರುಗಳು ಮೀನಿನ ಬಗ್ಗೆ ವಿಶೇಷವಾಗಿ ಹೇಳುವುದು ಡಿಎಚ್‌ಎ ಎಂಬ ಕೊಬ್ಬಿನ ಕಾರಣಕ್ಕೆ. ಒಮೆಗಾ-3 ಅಂತ ಕೇಳಿರುತ್ತೀರಲ್ಲ, ಅದರಲ್ಲಿ ಇದೂ ಒಂದು. ನಮ್ಮ ಮಿದುಳು ಮತ್ತು ಕಣ್ಣಿನ ಪರದೆಯಲ್ಲಿ ಇದು ಧಾರಾಳವಾಗಿ ಇರುತ್ತದೆ. ಹೊಟ್ಟೆಯಲ್ಲಿರುವ ಮಗು ಇದನ್ನು ತಾಯಿಯ ರಕ್ತದಿಂದಲೇ ಪಡೆಯಬೇಕು. ಏಳನೇ ತಿಂಗಳಿನಿಂದ ಮಿದುಳು ಜೋರಾಗಿ ಬೆಳೆಯುವಾಗ ಅದಕ್ಕೆ ಇದು ಇನ್ನೂ ಜಾಸ್ತಿ ಬೇಕಾಗುತ್ತದೆ. ಬಸುರಿಗೆ ದಿನಕ್ಕೆ ಕನಿಷ್ಠ 200 ಮಿಲಿಗ್ರಾಂ ಡಿಎಚ್‌ಎ ಸಿಗಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಬೂತಾಯಿ, ಬಂಗುಡೆಯಂಥ ಎಣ್ಣೆಯಂಶದ ಮೀನನ್ನು ವಾರಕ್ಕೆ ಎರಡು ಸಲ ತಿಂದರೆ ಹೆಚ್ಚುಕಡಿಮೆ ಅಷ್ಟು ಬಂದುಬಿಡುತ್ತದೆ.

ಒಮೆಗಾ-3ಯಿಂದ ಇನ್ನೊಂದು ಲಾಭವೂ ಇದೆ. ಸುಮಾರು 20,000 ಹೆಂಗಸರ ಮೇಲೆ ನಡೆದ 70 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2018ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಒಮೆಗಾ-3 ತೆಗೆದುಕೊಂಡವರಲ್ಲಿ 34 ವಾರಕ್ಕೂ ಮುಂಚೆ ಹೆರಿಗೆಯಾಗುವುದು ಸಾವಿರಕ್ಕೆ 46ರಿಂದ 27ಕ್ಕೆ ಇಳಿದಿತ್ತು. ಆ ಪ್ರಯೋಗಗಳಲ್ಲಿ ಹೆಚ್ಚಿನವು ಕ್ಯಾಪ್ಸೂಲ್ ಕೊಟ್ಟು ನಡೆಸಿದಂಥವು, ಮೀನು ಬಡಿಸಿ ಅಲ್ಲ. ಆದರೂ ತೀರಾ ಬೇಗ ಹುಟ್ಟಿದ ಮಗುವನ್ನು ಐಸಿಯುನಲ್ಲಿ ಇಟ್ಟು ಕಾದವರಿಗೆ ಈ ಅಂಕಿಯ ಬೆಲೆ ಗೊತ್ತು.

## ಪಾದರಸ ಮೀನಿನೊಳಗೆ ಹೇಗೆ ಸೇರುತ್ತದೆ?

ಪಾದರಸ ಅಂದರೆ ಹಳೇ ಥರ್ಮಾಮೀಟರ್ ಒಡೆದಾಗ ನೆಲದ ಮೇಲೆ ಉರುಳಾಡುತ್ತಿದ್ದ ಬೆಳ್ಳಿ ಬಣ್ಣದ ಲೋಹ. ಕಲ್ಲಿದ್ದಲು ಸುಟ್ಟಾಗ, ಸಣ್ಣ ಗಣಿಗಳಲ್ಲಿ ಚಿನ್ನ ಬೇರ್ಪಡಿಸುವಾಗ, ಜ್ವಾಲಾಮುಖಿ ಸಿಡಿದಾಗ ಇದು ಗಾಳಿಗೆ ಸೇರುತ್ತದೆ. ಮಳೆ ಜೊತೆ ಕೆಳಗೆ ಬಂದು ಕೆರೆ, ನದಿ, ಸಮುದ್ರ ಸೇರುತ್ತದೆ. ಅಲ್ಲಿ ತಳದ ಕೆಸರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸ ಎಂಬ ಬೇರೊಂದು ರೂಪಕ್ಕೆ ತರುತ್ತವೆ. ತೊಂದರೆ ಕೊಡುವುದು ಈ ರೂಪ. ಇದು ಊಟದ ಮೂಲಕ ಸಲೀಸಾಗಿ ರಕ್ತಕ್ಕೆ ಸೇರುತ್ತದೆ, ಬೇಗ ಹೊರಗೆ ಹೋಗುವುದಿಲ್ಲ.

ನೀರಿನಲ್ಲಿ ಇದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಇರುತ್ತದೆ. ಹಾಗಾದರೆ ಮೀನಿನಲ್ಲಿ ಅಷ್ಟೊಂದು ಹೇಗೆ? ಗಣೇಶನ ಹಬ್ಬದ ಚಂದಾ ನೆನಪಿಸಿಕೊಳ್ಳಿ. ಒಂದೊಂದು ಮನೆಯವರು ಕೊಡುವುದು ಹತ್ತಿಪ್ಪತ್ತು ರೂಪಾಯಿ. ಬೀದಿಯ ಹುಡುಗರ ಹತ್ತಿರ ಅದು ಸಾವಿರವಾಗುತ್ತದೆ. ಹತ್ತು ಬೀದಿಯದ್ದು ಸೇರಿ ಏರಿಯಾ ಲೀಡರ್ ಕೈಗೆ ಬರುವ ಹೊತ್ತಿಗೆ ದೊಡ್ಡ ಗಂಟೇ ಆಗಿರುತ್ತದೆ. ಸಮುದ್ರದಲ್ಲೂ ಹೀಗೇ. ಕಣ್ಣಿಗೆ ಕಾಣದ ಪಾಚಿಯಲ್ಲಿ ಚೂರು, ಅದನ್ನು ತಿನ್ನುವ ಪುಟ್ಟ ಜೀವಿಗಳಲ್ಲಿ ಇನ್ನೊಂದು ಚೂರು, ಅವನ್ನು ತಿನ್ನುವ ಬೂತಾಯಿಯಲ್ಲಿ ಸ್ವಲ್ಪ, ಬೂತಾಯಿ ಹಿಂಡನ್ನು ನುಂಗುವ ದೊಡ್ಡ ಮೀನಿನಲ್ಲಿ ಜಾಸ್ತಿ, ಆ ದೊಡ್ಡ ಮೀನನ್ನೂ ಹಿಡಿದು ತಿನ್ನುವ ಶಾರ್ಕ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ. ಅದೂ ಅಲ್ಲದೆ ದೊಡ್ಡ ಮೀನು ವರ್ಷಗಟ್ಟಲೆ ಬದುಕುತ್ತದೆ, ಅಷ್ಟು ವರ್ಷ ತಿಂದಿದ್ದೆಲ್ಲ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಬೂತಾಯಿಯ ಆಯುಸ್ಸು ಅದರ ಮುಂದೆ ತೀರಾ ಕಡಿಮೆ, ಪಾದರಸ ಕೂಡುವಷ್ಟು ಕಾಲವೇ ಅದಕ್ಕಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಕಡೆ ಇದೆ. ಚರ್ಮ ತೆಗೆದರೆ, ಉಪ್ಪು ಅರಿಶಿನ ಹಾಕಿ ತೊಳೆದರೆ, ಹುಣಸೆಹುಳಿಯಲ್ಲಿ ಚೆನ್ನಾಗಿ ಕುದಿಸಿದರೆ ಪಾದರಸ ಹೋಗುತ್ತದೆ ಅಂತ. ಹೋಗುವುದಿಲ್ಲ. ಮೀಥೈಲ್ ಪಾದರಸ ಮೀನಿನ ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ತೊಳೆದರೂ ಹುರಿದರೂ ಅಲ್ಲೇ ಇರುತ್ತದೆ. ಆದ್ದರಿಂದ ಎಚ್ಚರಿಕೆ ಇರಬೇಕಾದ್ದು ಮೀನು ಆರಿಸುವಾಗ. ಅಡುಗೆಮನೆಗೆ ಬಂದ ಮೇಲೆ ಏನೂ ಮಾಡಲಾಗದು.

## ಮಗುವಿಗೆ ಏನಾಗುತ್ತದೆ?

ತಾಯಿಯ ರಕ್ತದಲ್ಲಿರುವ ಮೀಥೈಲ್ ಪಾದರಸ ಮಾಸು, ಅಂದರೆ ಪ್ಲಾಸೆಂಟಾ, ದಾಟಿ ಮಗುವಿಗೆ ಹೋಗುತ್ತದೆ. ಹೋಗುವುದಷ್ಟೇ ಅಲ್ಲ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದರ ಪ್ರಮಾಣ ತಾಯಿಯ ರಕ್ತದಲ್ಲಿರುವುದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಇರುತ್ತದೆ. ಅಂದರೆ ತಾಯಿಗೆ ಏನೂ ಅನ್ನಿಸದಿದ್ದಾಗಲೂ ಮಗುವಿನ ಮಿದುಳಿಗೆ ಪೆಟ್ಟು ಬೀಳಬಹುದು.

ಇದು ಜಗತ್ತಿಗೆ ಗೊತ್ತಾಗಿದ್ದು ಜಪಾನಿನ ಮಿನಮಾಟ ಎಂಬ ಊರಿನಿಂದ. ಅಲ್ಲಿ ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸ ಇರುವ ಕೊಳಕು ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಆ ಕೊಲ್ಲಿಯ ಮೀನು, ಚಿಪ್ಪುಮೀನುಗಳೇ ಊರಿನವರ ಊಟ. ಮೊದಲು ಮೀನು ತಿಂದ ಬೆಕ್ಕುಗಳು ಹುಚ್ಚು ಹಿಡಿದ ಹಾಗೆ ಒದ್ದಾಡಿ ಸತ್ತವು. ಆಮೇಲೆ ಮನುಷ್ಯರಿಗೆ ಕೈಕಾಲು ಜೋಮು, ಮಾತು ತೊದಲು, ಕಣ್ಣು ಮಂಜು. 1956ರಲ್ಲಿ ಇದೊಂದು ಹೊಸ ಕಾಯಿಲೆ ಎಂದು ಅಧಿಕೃತವಾಗಿ ದಾಖಲಾಯಿತು. ಎಲ್ಲಕ್ಕಿಂತ ಘೋರವೆಂದರೆ, ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದ ತಾಯಂದಿರಿಗೆ ಮಿದುಳು ತೀವ್ರವಾಗಿ ಹಾನಿಯಾದ ಮಕ್ಕಳು ಹುಟ್ಟಿದ್ದು. ಪಾದರಸ ಕಡಿಮೆ ಮಾಡಲು 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಭಾರತವೂ ಅದರಲ್ಲಿದೆ.

ಮಿನಮಾಟದ್ದು ಕಾರ್ಖಾನೆಯ ವಿಷ, ನಮ್ಮ ಸಾರಿನ ಮೀನು ಹಾಗಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಮಾಮೂಲಿ ಪ್ರಮಾಣದಲ್ಲಿ ಏನಾಗುತ್ತದೆ ಎಂದು ನೋಡಲು ಸಾವಿರಾರು ತಾಯಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಿವೆ. ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಲ್ಲಿ, ಪಾದರಸಕ್ಕೆ ಜಾಸ್ತಿ ಒಡ್ಡಿಕೊಂಡ ಮಕ್ಕಳಿಗೆ ಏಳನೇ ವಯಸ್ಸಿನಲ್ಲಿ ನೆನಪು, ಗಮನ, ಭಾಷೆಯಲ್ಲಿ ಸ್ವಲ್ಪ ಹಿನ್ನಡೆ ಕಂಡಿತು. ಆದರೆ ಅಲ್ಲಿ ಪಾದರಸದ ಬಹುಪಾಲು ಬಂದಿದ್ದು ಪೈಲಟ್ ತಿಮಿಂಗಿಲದ ಮಾಂಸದಿಂದ. ಹಿಂದೂ ಮಹಾಸಾಗರದ ಸೇಷೆಲ್ಸ್‌ನಲ್ಲಿ ತಾಯಂದಿರು ವಾರಕ್ಕೆ ಸರಾಸರಿ 12 ಹೊತ್ತು ಸಮುದ್ರದ ಮೀನು ತಿನ್ನುತ್ತಿದ್ದರು. ಅಲ್ಲಿನ ಮಕ್ಕಳಲ್ಲಿ ಅಂಥ ಹಾನಿ ಸ್ಪಷ್ಟವಾಗಿ ಕಾಣಲಿಲ್ಲ.

ಮೂರನೆಯದು ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತಲಿನದು. 1991–92ರಲ್ಲಿ ಬಸುರಿಯಾಗಿದ್ದ 11,875 ಹೆಂಗಸರ ಲೆಕ್ಕ 2007ರಲ್ಲಿ ಪ್ರಕಟವಾಯಿತು. ವಾರಕ್ಕೆ 340 ಗ್ರಾಂಗಿಂತ ಕಡಿಮೆ ಮೀನು ತಿಂದವರ ಮಕ್ಕಳಲ್ಲೇ, ಎಂಟನೇ ವಯಸ್ಸಿಗೆ ಭಾಷೆಗೆ ಸಂಬಂಧಿಸಿದ ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಜಾಸ್ತಿ ಇದ್ದರು. ಹೆದರಿ ಮೀನು ಕಡಿಮೆ ಮಾಡಿದರೆ ಒಳ್ಳೆಯದಾಗುತ್ತದೆ ಎಂಬ ಲೆಕ್ಕ ಅಲ್ಲಿ ತಲೆಕೆಳಗಾಯಿತು. ಇಂಥ ಅಧ್ಯಯನದಲ್ಲಿ ಮನೆಯ ಸ್ಥಿತಿಗತಿ, ತಾಯಿಯ ಓದು ಇವೆಲ್ಲ ಫಲಿತಾಂಶದೊಳಗೆ ನುಸುಳುತ್ತವೆ. ಸಂಶೋಧಕರು ಅದನ್ನೆಲ್ಲ ಕಳೆದೇ ನೋಡಿದ್ದರು, ಆದರೂ ಮೀನೊಂದೇ ಕಾರಣ ಎಂದು ಹೇಳುವ ಹಾಗಿಲ್ಲ. ಮೀನು ಬಿಡುವುದರಲ್ಲೂ ಅಪಾಯ ಇರಬಹುದು ಎಂಬುದಂತೂ ಅಲ್ಲಿಂದ ಗಟ್ಟಿಯಾಯಿತು.

## ಒಂದು ಲೆಕ್ಕ ಹಾಕಿ ನೋಡೋಣ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಮಿತಿ ಇಟ್ಟಿದೆ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮೈಕ್ರೋಗ್ರಾಂ ಮೀಥೈಲ್ ಪಾದರಸ. ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲಿಗೆ ಮೈಕ್ರೋಗ್ರಾಂ ಎನ್ನುತ್ತಾರೆ. 60 ಕಿಲೋ ತೂಕದ ಹೆಂಗಸಿಗೆ ಇದು ದಿನಕ್ಕೆ 6, ವಾರಕ್ಕೆ 42 ಮೈಕ್ರೋಗ್ರಾಂ ಆಯಿತು.

ಈಗ ಮೀನು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಲ್ಲಿನ ಮೀನುಗಳನ್ನು ಪರೀಕ್ಷಿಸಿ ಸರಾಸರಿ ಕೊಟ್ಟಿದೆ. ಬೂತಾಯಿಯ ಜಾತಿಯ ಮೀನಿನಲ್ಲಿ ಗ್ರಾಂಗೆ 0.013 ಮೈಕ್ರೋಗ್ರಾಂ. ಸಿಗಡಿಯಲ್ಲಿ 0.009. ಶಾರ್ಕ್‌ನಲ್ಲಿ 0.979. ನೂರು ಗ್ರಾಂ ಬೂತಾಯಿ ತಿಂದರೆ ಒಳಗೆ ಹೋಗುವುದು 1.3 ಮೈಕ್ರೋಗ್ರಾಂ. ವಾರದ ಮಿತಿ ಮುಟ್ಟಬೇಕಾದರೆ ಮೂರು ಕಿಲೋ ಮೇಲೆ ತಿನ್ನಬೇಕು, ಅಷ್ಟು ಯಾರೂ ತಿನ್ನುವುದಿಲ್ಲ. ಅದೇ ನೂರು ಗ್ರಾಂ ಶಾರ್ಕ್ ತಿಂದರೆ ಒಂದೇ ಊಟಕ್ಕೆ 98 ಮೈಕ್ರೋಗ್ರಾಂ, ವಾರದ ಮಿತಿಯ ಎರಡು ಪಟ್ಟಿಗೂ ಜಾಸ್ತಿ. ನಮ್ಮ ಕಡಲಿನ ಮೀನಿನಲ್ಲಿ ಅಂಕಿ ಸ್ವಲ್ಪ ಆಚೀಚೆ ಇರುತ್ತದೆ. ಆದರೆ ಸಣ್ಣ ಮೀನಿಗೂ ಬೇಟೆಯಾಡುವ ದೊಡ್ಡ ಮೀನಿಗೂ ಇರುವ ಅಂತರ ಎಲ್ಲ ಸಮುದ್ರದಲ್ಲೂ ಇದೆ.

ಇನ್ನೊಂದು ವಿಷಯ. ಮೈಯೊಳಗೆ ಹೋದ ಮೀಥೈಲ್ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು. ಆದ್ದರಿಂದ ಮಗು ಬೇಕು ಎಂದು ಯೋಚಿಸುತ್ತಿರುವವರು ಪರೀಕ್ಷೆಯಲ್ಲಿ ಎರಡು ಗೆರೆ ಬರುವವರೆಗೂ ಕಾಯದೆ, ಕೆಲವು ತಿಂಗಳು ಮುಂಚೆಯೇ ದೊಡ್ಡ ಬೇಟೆ ಮೀನು ಬಿಡುವುದು ಒಳ್ಳೆಯದು. ಗೊತ್ತಿಲ್ಲದೆ ಒಂದು ಸಲ ಶಾರ್ಕ್ ತಿಂದಿದ್ದರೆ ಗಾಬರಿ ಬೇಡ. ತಿಂಗಳುಗಟ್ಟಲೆ ಕೂಡುತ್ತಾ ಹೋಗುವುದು ತೊಂದರೆ, ಒಂದು ದಿನದ ಊಟ ಅಲ್ಲ.

## ನಮ್ಮ ಮಾರ್ಕೆಟ್‌ನಲ್ಲಿ ಯಾವುದು ಸರಿ?

ಪಾದರಸ ಕಡಿಮೆ ಇರುವ ಮೀನು ವಾರಕ್ಕೆ ಸುಮಾರು 225ರಿಂದ 340 ಗ್ರಾಂ ಎನ್ನುವುದು ಅಮೆರಿಕದ ಸರ್ಕಾರಿ ಸಲಹೆ. ಇದು ಬೇಯಿಸುವ ಮುಂಚಿನ ತೂಕ. ಎರಡು ಅಥವಾ ಮೂರು ಊಟ ಅಂತ ಇಟ್ಟುಕೊಳ್ಳಿ, ಒಂದು ಊಟಕ್ಕೆ ಅಂಗೈ ಅಗಲದ ತುಂಡು. ತಲೆ, ಹೊಟ್ಟೆ ತೆಗೆದ ಮಧ್ಯಮ ಗಾತ್ರದ ಎರಡು ಬಂಗುಡೆ ಒಂದು ಹೊತ್ತಿಗೆ ಧಾರಾಳ ಆಯಿತು.

ರಸೆಲ್ ಮಾರ್ಕೆಟ್ಟಿಗೋ ಮಡಿವಾಳಕ್ಕೋ ಹೋದರೆ ಸಿಗುವ ಮೀನುಗಳಲ್ಲಿ ಧೈರ್ಯವಾಗಿ ತಿನ್ನಬಹುದಾದವು ಬೂತಾಯಿ, ಬಂಗುಡೆ, ತಮಿಳರು ನೆತ್ತಿಲಿ ಎನ್ನುವ ಕೊಲ್ಲತ್ತರು, ಕಾಣೆ, ಪಾಂಫ್ರೆಟ್, ಸಿಗಡಿ. ಇವುಗಳಲ್ಲಿ ನನ್ನ ಮೊದಲ ಆಯ್ಕೆ ಬೂತಾಯಿ. ಅಗ್ಗ, ಎಣ್ಣೆಯಂಶ ಜಾಸ್ತಿ, ಪಾದರಸ ತೀರಾ ಕಡಿಮೆ. ದುಬಾರಿ ಮೀನು ತಂದರೆ ಬಸುರಿಗೆ ಹೆಚ್ಚು ಒಳ್ಳೆಯದು ಅಂತ ತುಂಬಾ ಮನೆಗಳಲ್ಲಿ ಅಂದುಕೊಳ್ಳುತ್ತಾರೆ. ಇಲ್ಲಿ ಅಗ್ಗದ ಮೀನೇ ಮೇಲು. ಕೊಲ್ಲತ್ತರನ್ನು ಮುಳ್ಳು ಸಮೇತ ತಿಂದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ.

ಸಿಹಿನೀರಿನ ರೋಹು, ಕಾಟ್ಲಾ, ಜಿಲೇಬಿ ಮೀನು ಕೂಡ ಪಾದರಸದ ದೃಷ್ಟಿಯಿಂದ ಪರವಾಗಿಲ್ಲ. ನಮಗೆ ಬರುವ ರೋಹು, ಕಾಟ್ಲಾದಲ್ಲಿ ಬಹಳಷ್ಟು ಆಂಧ್ರದ ಕೊಳಗಳಲ್ಲಿ ಸಾಕಿದ್ದು. ಪ್ರೋಟೀನ್ ಚೆನ್ನಾಗಿದೆ, ಆದರೆ ಡಿಎಚ್‌ಎ ಬೂತಾಯಿಯಷ್ಟು ಇರುವುದಿಲ್ಲ. ಮುಳ್ಳಿಲ್ಲದ ಬಾಸಾ ತುಂಡುಗಳ ಕಥೆಯೂ ಅದೇ.

ಪೂರ್ತಿ ಬಿಡಬೇಕಾದ್ದು ಶಾರ್ಕ್, ಅಂದರೆ ಕರಾವಳಿಯವರ ತಾಟೆ, ಮತ್ತೆ ಖಡ್ಗದಂಥ ಮೂತಿಯ ಸ್ವೋರ್ಡ್‌ಫಿಷ್, ಮಾರ್ಲಿನ್. ದೊಡ್ಡ ಟ್ಯೂನಾ ತುಂಡುಗಳೂ ಬೇಡ. ಡಬ್ಬಿಯ ಟ್ಯೂನಾ ಸಾಮಾನ್ಯವಾಗಿ ಚಿಕ್ಕ ಜಾತಿಯದ್ದು, ಯಾವಾಗಲಾದರೂ ಒಮ್ಮೆ ಆಗಬಹುದು.

ಈಗ ಅಂಜಲ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬೆಂಗಳೂರಿನಲ್ಲಿ ಬಸುರಿಗೆ ಮೀನು ಅಂದರೆ ಜನ ಮೊದಲು ತರುವುದು ಇದನ್ನೇ. ಮುಳ್ಳು ಕಡಿಮೆ, ರುಚಿ, ತವಾ ಫ್ರೈಗೆ ಹೇಳಿ ಮಾಡಿಸಿದ್ದು. ಅಂಗಡಿಯಲ್ಲಿ ಕಿಂಗ್ ಫಿಷ್, ಸೀರ್ ಫಿಷ್ ಎನ್ನುತ್ತಾರೆ, ತಮಿಳರಿಗೆ ವಂಜರಂ. ಅಮೆರಿಕದವರ ಪಟ್ಟಿಯಲ್ಲಿ ಬಸುರಿಯರು ಮುಟ್ಟಲೇಬಾರದು ಎಂದಿರುವ ಕಿಂಗ್ ಮ್ಯಾಕರೆಲ್ ಬೇರೆ ಮೀನು, ಅಟ್ಲಾಂಟಿಕ್‌ನದು. ನಮ್ಮ ಅಂಜಲ್ ಅದರ ದಾಯಾದಿ. ಅದೇ ಕುಲದ ಸ್ಪ್ಯಾನಿಷ್ ಮ್ಯಾಕರೆಲ್ ಅನ್ನು ಅವರು ವಾರಕ್ಕೆ ಒಂದೇ ಊಟ ಎಂಬ ಗುಂಪಿಗೆ ಹಾಕಿದ್ದಾರೆ. ಅಂಜಲ್ ಕೂಡ ಬೂತಾಯಿ, ಬಂಗುಡೆಯನ್ನು ಬೇಟೆಯಾಡಿ ಬದುಕುವ ಮೀನು, ಬೆಳೆದ ಹಾಗೆ ಪಾದರಸ ಏರುತ್ತದೆ. ಹಾಗಾಗಿ ಅಂಜಲ್ ತಿನ್ನಲೇಬೇಕು ಎಂದು ಬಯಕೆಯಾದರೆ ತೋಳುದ್ದದ ದೊಡ್ಡ ಮೀನಿನ ತುಂಡು ಬಿಟ್ಟು ಚಿಕ್ಕ ಅಂಜಲ್ ಕೇಳಿ, ವಾರಕ್ಕೆ ಒಂದು ಹೊತ್ತು ಸಾಕು, ಆ ವಾರ ಉಳಿದ ಮೀನೂಟಕ್ಕೆ ಬೂತಾಯಿಯಂಥ ಸಣ್ಣದನ್ನೇ ಮಾಡಿ. ಬಂಗುಡೆಗೂ ಇಂಗ್ಲಿಷಿನಲ್ಲಿ ಮ್ಯಾಕರೆಲ್ ಅಂತಲೇ ಹೆಸರಿರುವುದರಿಂದ ಇಂಟರ್ನೆಟ್ ಓದಿ ಬಂಗುಡೆ ಬಿಟ್ಟವರೂ ಇದ್ದಾರೆ. ಬಂಗುಡೆ ಚಿಕ್ಕ ಮೀನು, ಅದಕ್ಕೆ ಆ ಎಚ್ಚರಿಕೆ ಅನ್ವಯಿಸುವುದಿಲ್ಲ.

## ಬೆಂಗಳೂರು ತಲುಪುವ ಹೊತ್ತಿಗೆ

ಮಂಗಳೂರಿನಲ್ಲಿ ಕೂತು ಮೀನು ತಿನ್ನುವುದಕ್ಕೂ ಇಲ್ಲಿ ತಿನ್ನುವುದಕ್ಕೂ ವ್ಯತ್ಯಾಸ ಇದೆ. ಮೀನು ಸುಮಾರು 350 ಕಿಲೋಮೀಟರ್ ದಾರಿ ಬಂದಿರುತ್ತದೆ. ದಾರಿಯುದ್ದಕ್ಕೂ ಐಸ್ ಸರಿಯಾಗಿ ಇದ್ದರೆ ಏನೂ ತೊಂದರೆಯಿಲ್ಲ. ಐಸ್ ಕರಗಿ ಮೀನು ಬಿಸಿಯಾದರೆ, ಅದರಲ್ಲೂ ಬಂಗುಡೆ, ಟ್ಯೂನಾದಂಥ ಮೀನಿನಲ್ಲಿ, ಬ್ಯಾಕ್ಟೀರಿಯಾ ಬೆಳೆದು ಹಿಸ್ಟಮಿನ್ ಎಂಬ ವಸ್ತು ತಯಾರಾಗುತ್ತದೆ. ಅಲರ್ಜಿ ಆದಾಗ ನಮ್ಮ ಮೈಯಲ್ಲಿ ಬರುವ ಹಿಸ್ಟಮಿನ್ನೇ ಇದು. ತಿಂದು ಒಂದು ಗಂಟೆಯೊಳಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ಎದೆ ಡವಡವ. ಬೇಯಿಸಿದರೂ ಇದು ನಾಶವಾಗುವುದಿಲ್ಲ.

ಆದ್ದರಿಂದ ಅಂಗಡಿಯಲ್ಲಿ ನಾಚಿಕೆಪಡದೆ ಮೀನು ಕೈಗೆ ತೆಗೆದುಕೊಂಡು ನೋಡಿ. ಕಿವಿರು ಎತ್ತಿ ತೋರಿಸಿ ಅಂತ ಕೇಳಿ. ಒಳಗೆ ಕೆಂಪಗೆ, ಒದ್ದೆಯಾಗಿ ಇರಬೇಕು, ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ ಬೇಡ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಗುಳಿಬಿದ್ದು ಬೆಳ್ಳಗಾಗಿರಬಾರದು. ಹೊಟ್ಟೆ ಪಕ್ಕ ಹೆಬ್ಬೆರಳು ಒತ್ತಿದರೆ ಆದ ಕುಳಿ ತಕ್ಷಣ ಮೇಲೆ ಬರಬೇಕು. ಬೂತಾಯಿಯ ಹೊಟ್ಟೆ ಒಡೆದು ಒಳಗಿನದು ಹೊರಗೆ ಬಂದಿದ್ದರೆ ಅದು ಹಳೆಯದು. ತಾಜಾ ಮೀನಿಗೆ ಕಡಲಿನ ವಾಸನೆ ಇರುತ್ತದೆ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಇರಬಾರದು. ಮೀನಿನ ವಾಸನೆಯೇ ಇಲ್ಲದಿದ್ದರೂ ಅನುಮಾನ ಪಡಬೇಕು. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಫಾರ್ಮಾಲಿನ್ ಹಾಕಿದ ಸಾವಿರಾರು ಕಿಲೋ ಮೀನು ಹಿಡಿದಿತ್ತು. ಶವ ಕೆಡದ ಹಾಗೆ ಇಡಲು ಬಳಸುವ ರಾಸಾಯನಿಕ ಅದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದನ್ನು ಪತ್ತೆಹಚ್ಚಲು ಕಾಗದದ ಪಟ್ಟಿಯ ಕಿಟ್ ಕೂಡ ಮಾಡಿದೆ. ಮನೆಯಲ್ಲಿ ಕಿಟ್ ಇಲ್ಲದವರು, ದಿನವೂ ಮಾಲು ಖಾಲಿಯಾಗುವ, ಐಸ್ ಮೇಲೆ ಮೀನು ಹರಡಿರುವ ಅಂಗಡಿಯನ್ನೇ ಹಿಡಿಯುವುದು ಒಳ್ಳೆಯದು.

ಜೂನ್, ಜುಲೈನಲ್ಲಿ ಇನ್ನೂ ಸ್ವಲ್ಪ ಹುಷಾರು. ಪಶ್ಚಿಮ ಕರಾವಳಿಯ ಮೀನು ಕಡಿಮೆ ಇರುವುದರಿಂದ ಶೈತ್ಯಾಗಾರದ ಹಳೇ ಮಾಲು ಅಂಗಡಿಗೆ ಬರಬಹುದು. ಆ ಎರಡು ತಿಂಗಳು ಸಾಕಿದ ರೋಹು, ಕಾಟ್ಲಾ ಕಡೆ ಹೋಗುವುದು ಜಾಣತನ.

ನಮ್ಮ ಊರಿನ ಕೆರೆ ಮೀನು ಬೇಡವೇ ಬೇಡ ಎನ್ನುತ್ತೇನೆ. ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನು, 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ನಾವೇ ನೋಡಿದ್ದೇವೆ. ಒಳಚರಂಡಿ ನೀರು, ಕಾರ್ಖಾನೆ ನೀರು ಸೇರುವ ಕೆರೆಯಲ್ಲಿ ಬೆಳೆದ ಮೀನಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಬೇರೆ ಲೋಹಗಳ ಭಯವೂ ಇರುತ್ತದೆ. ಆಫ್ರಿಕನ್ ಕ್ಯಾಟ್‌ಫಿಷ್ ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಕದ್ದುಮುಚ್ಚಿ ಸಾಕುವವರು ಅದಕ್ಕೆ ಕಸಾಯಿಖಾನೆಯ ತ್ಯಾಜ್ಯ ಹಾಕುತ್ತಾರೆ. ತೀರಾ ಅಗ್ಗಕ್ಕೆ ಮೀಸೆ ಇರುವ ದೊಡ್ಡ ಮೀನು ಸಿಕ್ಕರೆ ಬಿಟ್ಟುಬಿಡಿ.

## ಒಲೆಯ ಮೇಲೆ

ಬಸುರಿಯಲ್ಲಿ ರೋಗನಿರೋಧಕ ಶಕ್ತಿ ಕೆಲವು ಸೋಂಕುಗಳ ಮುಂದೆ ಸ್ವಲ್ಪ ತಗ್ಗುತ್ತದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ತಗಲುವ ಸಾಧ್ಯತೆ ಬೇರೆಯವರಿಗಿಂತ ಬಸುರಿಯರಿಗೆ ಸುಮಾರು 10 ಪಟ್ಟು ಜಾಸ್ತಿ. ತಾಯಿಗೆ ಬರೀ ಜ್ವರ, ಮೈಕೈ ನೋವು. ಮಗುವಿಗೆ ಮಾತ್ರ ಜೀವಕ್ಕೇ ಕುತ್ತು, ಗರ್ಭಪಾತವೂ ಆಗಬಹುದು. ಈ ಬ್ಯಾಕ್ಟೀರಿಯಾ ಫ್ರಿಜ್ಜಿನ ತಣ್ಣಗಿನಲ್ಲೂ ಬೆಳೆಯುತ್ತದೆ, ಬೇಯಿಸಿದರೆ ಸಾಯುತ್ತದೆ. ಹಾಗಾಗಿ ಹಸಿ ಮೀನಿನ ಸುಶಿ ಬೇಡ, ಹೊಗೆಯಾಡಿಸಿದ ಸಾಲ್ಮನ್ ತೆಳು ಹೋಳುಗಳೂ ಬೇಡ. ಇಂದಿರಾನಗರ, ಕೋರಮಂಗಲದ ಹೋಟೆಲುಗಳಲ್ಲಿ ಇವು ಈಗ ಮಾಮೂಲಿ, ಆಫೀಸಿನ ಪಾರ್ಟಿಯಲ್ಲಿ ತಟ್ಟೆಗೆ ಬಂದೇಬಿಡುತ್ತವೆ. ಸಿಗಡಿ ಬೆಂದಿರುವ ಸುಶಿ ಆದರೆ ಪರವಾಗಿಲ್ಲ, ಹಸಿ ಮೀನಿನ ಜೊತೆ ಒಂದೇ ಹಲಗೆಯಲ್ಲಿ ಕತ್ತರಿಸಿರಬಾರದು ಅಷ್ಟೇ.

ನಮ್ಮ ಸಾರಿನ ಮೀನು ಕುದಿಯುವುದರಿಂದ ಭಯವಿಲ್ಲ. ಗಮನ ಕೊಡಬೇಕಾದ್ದು ದಪ್ಪ ತುಂಡಿನ ತವಾ ಫ್ರೈಗೆ. ಮೇಲಿನ ಮಸಾಲೆ, ರವೆ ಬೇಗ ಕೆಂಪಾಗುತ್ತದೆ, ನೋಡಿದರೆ ಆಗಿದೆ ಅನ್ನಿಸುತ್ತದೆ, ನಡುಮುಳ್ಳಿನ ಪಕ್ಕ ಮಾತ್ರ ಇನ್ನೂ ಗಾಜಿನ ಹಾಗೆ ಪಾರದರ್ಶಕವಾಗಿಯೇ ಇರುತ್ತದೆ. ತುಂಡು ಒಂದು ಬೆರಳಿಗಿಂತ ತೆಳ್ಳಗೆ ಕೊಯ್ಯಿಸಿ, ಉರಿ ಸಣ್ಣ ಮಾಡಿ, ಮುಚ್ಚಳ ಹಾಕಿ. ಚಮಚದಿಂದ ಮುಳ್ಳಿನ ಹತ್ತಿರ ಒತ್ತಿದಾಗ ಮಾಂಸ ಬೆಳ್ಳಗೆ ಪದರ ಪದರವಾಗಿ ಬಿಡಿಸಿಕೊಂಡರೆ ಬೆಂದಿದೆ ಅಂತ ಲೆಕ್ಕ.

ಮರುವಾಯಿ, ಪಚ್ಚಿಲೆಯಂಥ ಚಿಪ್ಪುಜೀವಿಗಳು ನೀರನ್ನು ಸೋಸಿ ಬದುಕುವಂಥವು. ಕೊಳಕು ನೀರಿನ ರೋಗಾಣುಗಳು ಅವುಗಳೊಳಗೆ ಕೂಡುತ್ತವೆ. ಅದರಲ್ಲಿ ಹೆಪಟೈಟಿಸ್ ಇ ವೈರಸ್ ಇದ್ದರೆ ಬಸುರಿಗೆ ತುಂಬಾ ಅಪಾಯ. ಕೊನೆಯ ಮೂರು ತಿಂಗಳಲ್ಲಿ ಆ ಕಾಮಾಲೆ ಬಂದವರಲ್ಲಿ ನೂರಕ್ಕೆ 20ರಿಂದ 25 ಮಂದಿ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚೆನ್ನಾಗಿ ಬೇಯದ ಚಿಪ್ಪು ತಿನ್ನಲೇಬೇಡಿ.

ಒಣಮೀನು ಚೂರು ನಂಜಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಉಪ್ಪು ವಿಪರೀತ. ಬಿಪಿ ಇದೆ ಎಂದು ಡಾಕ್ಟರ್ ಹೇಳಿದ್ದರೆ ಬಿಡುವುದೇ ಸರಿ.

## ಉಷ್ಣ, ಹಾಲು, ಏಡಿ

ಮೀನು ತಿಂದರೆ ಉಷ್ಣವಾಗಿ ಗರ್ಭ ನಿಲ್ಲುವುದಿಲ್ಲ ಎಂಬುದಕ್ಕೆ ಆಧಾರ ಇಲ್ಲ. ಏಡಿ ತಿಂದರೆ ಗರ್ಭ ಜಾರುತ್ತದೆ ಎಂಬುದಕ್ಕೂ ಇಲ್ಲ. ತಾಜಾ ಏಡಿ ಚೆನ್ನಾಗಿ ಬೆಂದಿದ್ದರೆ ತಿನ್ನಬಹುದು, ಅದರಲ್ಲಿ ಪಾದರಸವೂ ಕಡಿಮೆ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ಮಾತೂ ಹಾಗೇ. ತೊನ್ನಿಗೆ ಕಾರಣ ಬೇರೆ. ಹಾಗಂತ ಮನೆಯ ಹಿರಿಯರ ಜೊತೆ ಜಗಳ ಆಡಿ ತಿನ್ನಬೇಕಾಗಿಲ್ಲ. ಮಧ್ಯಾಹ್ನ ಮೀನು, ರಾತ್ರಿ ಹಾಲು ಅಂತ ಮಾಡಿಕೊಂಡರೆ ಯಾರಿಗೂ ನಷ್ಟವಿಲ್ಲ.

ಮೊದಲ ಮೂರು ತಿಂಗಳು ಮೀನಿನ ವಾಸನೆಗೇ ವಾಂತಿ ಬಂದರೆ ಬಲವಂತ ಬೇಡ. ಆಮೇಲೆ ತಿಂದರಾಯಿತು, ಡಿಎಚ್‌ಎ ಜಾಸ್ತಿ ಬೇಕಾಗುವುದೂ ಕೊನೆಯ ತಿಂಗಳುಗಳಲ್ಲೇ. ಮುಂಚಿನಿಂದಲೂ ಮೀನು ಅಥವಾ ಸಿಗಡಿ ಅಲರ್ಜಿ ಇರುವವರು ಬಸುರಿನಲ್ಲಿ ಪ್ರಯೋಗ ಮಾಡಬಾರದು.

## ಮೀನು ತಿನ್ನದವರು ಏನು ಮಾಡಬೇಕು?

ಬೆಂಗಳೂರಿನಲ್ಲಿ ಅರ್ಧ ಬೀದಿಗೆ ಮೀನು ವರ್ಜ್ಯ. ಅವರ ಮಕ್ಕಳು ಬುದ್ಧಿವಂತರಾಗಿಲ್ಲವಾ? ಆಗಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಅಗಸೆ ಬೀಜ, ಅಕ್ರೋಟಿನಲ್ಲಿ ಇನ್ನೊಂದು ಬಗೆಯ ಒಮೆಗಾ-3 ಇದೆ. ನಮ್ಮ ದೇಹ ಅದರಿಂದ ಡಿಎಚ್‌ಎ ಮಾಡಿಕೊಳ್ಳುತ್ತದೆ, ಆದರೆ ತುಂಬಾ ಕಡಿಮೆ. ಮೀನಿಗೂ ಡಿಎಚ್‌ಎ ಬರುವುದು ಸಮುದ್ರದ ಪಾಚಿಯಿಂದಲೇ, ಹಾಗಾಗಿ ಅದೇ ಪಾಚಿಯಿಂದ ಮಾಡಿದ ಕ್ಯಾಪ್ಸೂಲ್‌ಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಸಸ್ಯಾಹಾರಿಗಳು ತಾಯಿ ಕಾರ್ಡ್ ಹಿಡಿದು ಚೆಕಪ್‌ಗೆ ಹೋದಾಗ ಡಿಎಚ್‌ಎ, ಬಿ12 ಎರಡನ್ನೂ ಕೇಳಿಕೊಂಡು ಬರಬೇಕು. ಉಪ್ಪು ಅಯೋಡಿನ್ ಇರುವುದೇ ಇರಲಿ, ಕಲ್ಲುಪ್ಪು, ಗುಲಾಬಿ ಉಪ್ಪಿಗೆ ಈ ತಿಂಗಳುಗಳಲ್ಲಿ ಬದಲಾಯಿಸಬೇಡಿ.

ಕ್ಯಾಪ್ಸೂಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಮೀನೆಣ್ಣೆ ಬೇರೆ, ಕಾಡ್ ಲಿವರ್ ಎಣ್ಣೆ ಬೇರೆ. ಎರಡನೆಯದನ್ನು ಕಾಡ್ ಮೀನಿನ ಪಿತ್ತಜನಕಾಂಗದಿಂದ ತೆಗೆಯುತ್ತಾರೆ, ಅದರಲ್ಲಿ ವಿಟಮಿನ್ ಎ ಜಾಸ್ತಿ. ಬಸುರಿನಲ್ಲಿ ಆ ವಿಟಮಿನ್ ಅತಿಯಾದರೆ ಮಗುವಿನ ಅಂಗಗಳ ಬೆಳವಣಿಗೆಗೆ ತೊಂದರೆ. ಮನೆಯಲ್ಲಿ ದೊಡ್ಡವರಿಗೆ ಮಂಡಿನೋವಿಗೆ ಅಂತ ತಂದಿಟ್ಟ ಹಳದಿ ಮಾತ್ರೆಯನ್ನು "ಇದೂ ಮೀನೆಣ್ಣೆಯೇ ಅಲ್ವಾ" ಎಂದು ಬಸುರಿಗೆ ಕೊಡಬೇಡಿ. ಡಬ್ಬಿಯ ಮೇಲೆ ಲಿವರ್ ಎಂಬ ಪದ ಇದೆಯಾ ನೋಡಿ.

## ಹೆರಿಗೆಯಾದ ಮೇಲೆ

ಹಾಲೂಡಿಸುವ ತಿಂಗಳುಗಳಲ್ಲೂ ಇದೇ ಪಟ್ಟಿ ನಡೆಯುತ್ತದೆ. ಎದೆಹಾಲಿನಲ್ಲಿ ಡಿಎಚ್‌ಎ ಹೋಗುತ್ತದೆ, ಪಾದರಸವೂ ಸ್ವಲ್ಪ ಹೋಗುತ್ತದೆ. ಇದನ್ನು ಹೇಳಲೇಬೇಕು, ಯಾಕೆಂದರೆ ಬಾಣಂತಿಗೆ ಹಾಲು ಹೆಚ್ಚಲಿ ಎಂದು ಮರಿ ಶಾರ್ಕ್ ತಂದು ಸುರಾ ಪುಟ್ಟು ಮಾಡಿಕೊಡುವ ಪದ್ಧತಿ ತಮಿಳು ಮನೆಗಳಲ್ಲಿ ಇದೆ, ಕರಾವಳಿಯಲ್ಲೂ ತಾಟೆ ಕೊಡುವವರಿದ್ದಾರೆ. ಮರಿಗಳಲ್ಲಿ ದೊಡ್ಡ ಶಾರ್ಕ್‌ನಷ್ಟು ಪಾದರಸ ಇರುವುದಿಲ್ಲ ನಿಜ. ಆದರೂ ದಿನಾ ಅದನ್ನೇ ತಿನ್ನುವುದು ಬೇಡ. ಅದೇ ಪುಟ್ಟನ್ನು, ಅದೇ ಬೆಳ್ಳುಳ್ಳಿ, ಕಾಳುಮೆಣಸು ಹಾಕಿ, ಬೆಂದ ಕಾಣೆಯ ಮಾಂಸ ಬಿಡಿಸಿಕೊಂಡು ಮಾಡಿದರೆ ರುಚಿ ಹೆಚ್ಚುಕಡಿಮೆ ಹಾಗೇ ಬರುತ್ತದೆ. ಕಾಣೆಯಲ್ಲಿ ನಡುಮುಳ್ಳು ಬಿಟ್ಟರೆ ಬೇರೆ ಮುಳ್ಳು ಕಡಿಮೆ, ಬಿಡಿಸುವುದೂ ಸುಲಭ.